ಪಾಲಿ ಹತ್ತಿದ ಕಲ್ಲನ್ನು ಒಲೆಯ ಮೇಲೆ ಇಡಬೇಡಿ

ಪಾಲಿ ಎಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನಲ್ಲಿ ಕಲ್ಲಿಗೆ ಅಂಟಿ ಬೆಳೆಯುವ, ಅಂಗಿಯ ಗುಂಡಿಯಂಥ ಪುಟ್ಟ ಜೀವಿ. ಮನೆಯಲ್ಲಿ ಇಂಥ ಹವಳದ ಟ್ಯಾಂಕ್ ಇಟ್ಟವರು ಇದನ್ನು ಪೂರ್ತಿ ಓದಿ. ನಿಮ್ಮ ಪರಿಚಯದಲ್ಲಿ ಯಾರಾದರೂ ಇಟ್ಟಿದ್ದರೆ ಅವರಿಗೂ ಕಳಿಸಿ.

2018ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಸ್ಟೀವನ್ಟನ್ ಎಂಬ ಹಳ್ಳಿಯಲ್ಲಿ ಒಂದು ಮನೆಯವರು ತಮ್ಮ ಟ್ಯಾಂಕನ್ನು ಶುಚಿ ಮಾಡಿದರು. ಆಮೇಲೆ ಮನೆಯ ಆರೂ ಜನ ಆಸ್ಪತ್ರೆ ಸೇರಿದರು. ನೆರವಿಗೆ ಬಂದ ತುರ್ತು ಸೇವೆಯ ನಾಲ್ವರನ್ನೂ ಆಸ್ಪತ್ರೆಗೆ ಒಯ್ಯಬೇಕಾಯಿತು. ಬೆಂಕಿ ಬಿದ್ದಿರಲಿಲ್ಲ, ಗ್ಯಾಸ್ ಸೋರಿರಲಿಲ್ಲ. ಟ್ಯಾಂಕಿನಲ್ಲಿದ್ದ ಹವಳದಿಂದ ಹೊರಬಿದ್ದ ವಿಷವೇ ಅಷ್ಟು ಜನರನ್ನು ಮಲಗಿಸಿತ್ತು. ಅಮೆರಿಕದ ಜಾರ್ಜಿಯಾದಲ್ಲಿ ಒಬ್ಬರು ಬೇಡವಾದ ಪಾಲಿಗಳನ್ನು ಕೊಲ್ಲಲು ಕಲ್ಲಿಗೆ ಕುದಿಯುವ ನೀರು ಬಳಸಿ, ಎದ್ದ ಹಬೆ ಉಸಿರಾಡಿ ಆಸ್ಪತ್ರೆ ಸೇರಿದರು. 2012ರಿಂದ 2014ರವರೆಗೆ ಅಲಾಸ್ಕಾದಲ್ಲೂ ಅಕ್ವೇರಿಯಂ ಅಂಗಡಿ ಮತ್ತು ಮನೆಗಳಲ್ಲಿ ಇಂಥ ಪ್ರಕರಣಗಳು ದಾಖಲಾಗಿವೆ. ವಿಷದ ಹೆಸರು ಪಾಲಿಟಾಕ್ಸಿನ್. ನಮ್ಮ ಅಂಗಡಿಗಳಲ್ಲಿ ಝೋವಾ, ಪಾಲಿ, ಬಟನ್ ಪಾಲಿಪ್ ಎಂದು ಮಾರುವ ಈ ಜೀವಿಗಳ ಕೆಲವು ಬಗೆಗಳಲ್ಲಿ ಇದು ಇರುತ್ತದೆ.

ಭಾರತದ ಹವ್ಯಾಸಿಗಳು ಇದನ್ನು ಹೆಚ್ಚು ಗಮನಿಸಬೇಕಾದ ಕಾರಣ ಒಂದಿದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ, ಕಡಲ್ಗುದುರೆ ಕೂಡ ಅದೇ ಪಟ್ಟಿಯಲ್ಲಿವೆ. ನಮ್ಮ ಕಡಲಿನಿಂದ ತೆಗೆದ ಗಟ್ಟಿ ಹವಳವನ್ನಾಗಲಿ, ಲೈವ್ ರಾಕ್ ಹೆಸರಿನಲ್ಲಿ ಮಾರುವ ಸತ್ತ ಹವಳದ ತುಂಡನ್ನಾಗಲಿ ಇಟ್ಟುಕೊಂಡು ಸಿಕ್ಕಿಬಿದ್ದರೆ ಜೈಲು ಶಿಕ್ಷೆ ಕನಿಷ್ಠ ಮೂರು ವರ್ಷ. ಆದ್ದರಿಂದ ಹೊಸಬರ ಕೈ ಮೃದು ಹವಳ ಮತ್ತು ಝೋವಾಗಳ ಕಡೆಗೇ ಹೋಗುತ್ತದೆ. ಸಾಕುವುದು ಸುಲಭ, ಬಣ್ಣ ಚೆಂದ, ತಪ್ಪು ಮಾಡಿದರೂ ಬೇಗ ಸಾಯುವುದಿಲ್ಲ. ಬೇಗ ಸಾಯದ ಈ ಗುಣವೇ ಮುಂದೆ ತೊಂದರೆ ತರುತ್ತದೆ.

ಅದು ಶುರುವಾಗುವ ಬಗೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಕಂದು ಅಥವಾ ಮಾಸಲು ಹಸಿರಿನ ಹತ್ತಿಪ್ಪತ್ತು ಪಾಲಿಪ್‌ಗಳ (ಒಂದೊಂದು ಗುಂಡಿಯೂ ಒಂದು ಪಾಲಿಪ್) ತುಂಡೊಂದನ್ನು ಮುಖ್ಯ ಕಲ್ಲಿನ ಮೇಲೆ ಅಂಟಿಸುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಅದು ಕಲ್ಲು ತುಂಬ ಹಬ್ಬಿ ಪಕ್ಕದ ಹವಳಗಳನ್ನು ಮುಚ್ಚಿಹಾಕುತ್ತದೆ. ಕಿತ್ತರೆ ಬುಡದ ತೊಗಲು ಉಳಿದು ಮತ್ತೆ ಚಿಗುರುತ್ತದೆ. ಆಗ ಹೊಳೆಯುವ ಉಪಾಯ: ಕಲ್ಲನ್ನೇ ತೆಗೆದು ಕುದಿಸಿಬಿಡೋಣ, ಇಲ್ಲವೇ ಬಿಸಿನೀರು ಸುರಿದು ಬ್ರಷ್ ಹಾಕಿ ತಿಕ್ಕೋಣ. ಇದಕ್ಕೆ ಒಂದು ಮಾತಿನ ಗೊಂದಲವೂ ಸೇರಿಕೊಂಡಿದೆ. ಹವ್ಯಾಸಿಗಳ ಇಂಗ್ಲಿಷಿನಲ್ಲಿ ರಾಕ್ ಕುಕ್ಕಿಂಗ್ ಎಂದರೆ ಒಲೆಯ ಮೇಲೆ ಬೇಯಿಸುವುದಲ್ಲ. ಕಲ್ಲನ್ನು ಮುಚ್ಚಿದ ಡ್ರಮ್ಮಿನ ಕತ್ತಲಲ್ಲಿ, ಪಂಪ್ ಓಡುತ್ತಿರುವ ಬೆಚ್ಚನೆಯ ಉಪ್ಪುನೀರಿನಲ್ಲಿ ಆರರಿಂದ ಎಂಟು ವಾರ ಇಟ್ಟು, ನಡುನಡುವೆ ನೀರು ಬದಲಿಸುವುದಕ್ಕೆ ಆ ಹೆಸರು. ಅದನ್ನು ಓದಿ ಪಾತ್ರೆ ಹುಡುಕಿದರೆ ಅನಾಹುತವಾಗುತ್ತದೆ.

ಕುದಿಸಿದರೆ ವಿಷ ಸಾಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಾಯುವುದಿಲ್ಲ. ಪಾಲಿಟಾಕ್ಸಿನ್ ಶಾಖವನ್ನು ತಡೆದುಕೊಳ್ಳುತ್ತದೆ, ಕುದಿಯುವ ನೀರಿಗೆ ಒಡೆಯುವುದಿಲ್ಲ. ಅದು ತಾನೇ ಆವಿಯಾಗುವ ವಸ್ತುವೂ ಅಲ್ಲ. ಕುದಿಯುವಾಗ ಗುಳ್ಳೆ ಒಡೆದು ಸಿಡಿಯುವ ಅತಿ ಸಣ್ಣ ಹನಿಗಳು ಅದನ್ನು ಹೊತ್ತು ಅಡುಗೆಮನೆಯಿಂದ ಹಾಲ್‌ಗೆ, ಹಾಲ್‌ನಿಂದ ಮಲಗುವ ಕೋಣೆಗೆ ಹೋಗುತ್ತವೆ. ಮೈಕ್ರೋವೇವ್, ಪ್ರೆಷರ್ ವಾಷರ್, ಜೋರಾಗಿ ಬಿಟ್ಟ ನಲ್ಲಿ, ಕಲ್ಲು ಕತ್ತರಿಸುವ ಗರಗಸ, ಒಣ ಬ್ರಷ್ ಎಲ್ಲವೂ ಇದನ್ನೇ ಮಾಡುತ್ತವೆ. ಬಿಸಿಲಲ್ಲಿ ಒಣಗಿಸಿದ ಕಲ್ಲು ಸುರಕ್ಷಿತ ಎನ್ನುವುದೂ ತಪ್ಪು. ಒಣಗಿದ ಪಾಲಿಯ ತೊಗಲಿನಲ್ಲಿ ವಿಷ ಹಾಗೆಯೇ ಇರುತ್ತದೆ, ಕೆರೆದರೆ ಧೂಳಾಗಿ ಏಳುತ್ತದೆ.

ದೇಹದೊಳಗೆ ಅದು ಮಾಡುವ ಕೆಲಸ ತಿಳಿದರೆ ಭಯ ಯಾಕೆಂದು ಅರ್ಥವಾಗುತ್ತದೆ. ನಮ್ಮ ಪ್ರತಿ ಜೀವಕೋಶದ ಗೋಡೆಯಲ್ಲೂ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಸಾಗಿಸುವ ಪಂಪ್ ಇದೆ. ಪಾಲಿಟಾಕ್ಸಿನ್ ಆ ಪಂಪಿಗೇ ಅಂಟಿಕೊಂಡು ಅದನ್ನು ಸದಾ ತೆರೆದ ಕಂಡಿಯಾಗಿಸುತ್ತದೆ. ಕೆರೆಯ ತೂಬು ಎತ್ತಿದ ಮೇಲೆ ಇಳಿಸಲು ಬಾರದೇ ಹೋದಂತೆ ಸೋಡಿಯಂ ಒಳನುಗ್ಗಿ ಪೊಟ್ಯಾಸಿಯಂ ಸೋರಿಹೋಗುತ್ತದೆ. ಸ್ನಾಯು, ಹೃದಯ, ಶ್ವಾಸಕೋಶ ಮೊದಲು ಏಟು ತಿನ್ನುತ್ತವೆ. ಪ್ರೋಟೀನ್ ಅಲ್ಲದ ವಿಷಗಳಲ್ಲಿ ಇದು ಅತ್ಯಂತ ಘೋರವಾದವುಗಳಲ್ಲೊಂದು. ಹವಾಯಿಯ ಹಾನಾ ಎಂಬಲ್ಲಿನ ಜನ ಈ ವಿಷವಿರುವ ಜೀವಿಯನ್ನು ಹಿಂದಿನಿಂದಲೂ ‘ಹಾನಾದ ಸಾವಿನ ಪಾಚಿ’ ಎಂದು ಕರೆಯುತ್ತಿದ್ದರು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಮೂರ್ ಮತ್ತು ಶೋಯರ್ ಅಲ್ಲಿನ ಪಾಲಿಥೋವಾ ಎಂಬ ಕುಲದ ಪಾಲಿಯಿಂದಲೇ ವಿಷವನ್ನು ಬೇರ್ಪಡಿಸಿದ ವರದಿ ಪ್ರಕಟಿಸಿದರು. ಇದಕ್ಕೆ ಪ್ರತಿವಿಷ ಇಲ್ಲ.

ಯಾವ ಪಾಲಿಯಲ್ಲಿ ವಿಷವಿದೆ ಎಂದು ಕಣ್ಣಿನಿಂದ ಹೇಳಲು ಬರುವುದಿಲ್ಲ. ಅಮೆರಿಕದ ರಾಜಧಾನಿ ವಾಷಿಂಗ್ಟನ್ ಸುತ್ತಮುತ್ತಲ ಅಂಗಡಿಗಳಿಂದ ಕೊಂಡು ಪರೀಕ್ಷಿಸಿದ ಮಾದರಿಗಳ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವು ಗುಂಪುಗಳು ಅಪಾರ ವಿಷ ಹೊಂದಿದ್ದವು, ಬೇರೆ ಕೆಲವುಗಳಲ್ಲಿ ಅದು ಇರಲೇ ಇಲ್ಲ ಅನ್ನಬಹುದು. ಒಂದು ಅಂದಾಜು ಮಾತ್ರ ಸಾಧ್ಯ. ಪಾಲಿಥೋವಾ ತನ್ನ ತೊಗಲಿನೊಳಗೆ ಮರಳಿನ ಕಣ ಸೇರಿಸಿಕೊಳ್ಳುತ್ತದೆ. ಕತ್ತರಿಸಿದಾಗ ಬ್ಲೇಡಿಗೆ ಗರಗರ ತಾಗುತ್ತದೆ, ಬುಡದ ಹಾಸು ದಪ್ಪ, ಪಾಲಿಪ್‌ನ ಮೇಲಿನ ತಟ್ಟೆ ದೊಡ್ಡದು. ಝೊವಾಂಥಸ್ ಎಂಬ ಇನ್ನೊಂದು ಕುಲದಲ್ಲಿ ಮರಳು ಇರುವುದಿಲ್ಲ, ಹಾಸು ತೆಳು. ಅಪಾಯ ಹೆಚ್ಚಿರುವುದು ಮೊದಲನೆಯದರಲ್ಲಿ. ಆದರೆ ಅಂಗಡಿಯವರು ಎರಡನ್ನೂ ಝೋವಾ ಎಂದೇ ಕೊಡುತ್ತಾರೆ. ಅದಕ್ಕೇ ಎಲ್ಲವನ್ನೂ ವಿಷದ್ದೆಂದೇ ಎಣಿಸಿ ಮುಟ್ಟಬೇಕು.

ಇಷ್ಟು ಕೇಳಿ ಟ್ಯಾಂಕನ್ನೇ ಎತ್ತಿಬಿಡಬೇಕಿಲ್ಲ. ನೀರಿನೊಳಗೆ ಅದರ ಪಾಡಿಗೆ ಅರಳಿಕೊಂಡಿರುವ ಪಾಲಿ ಮನೆಯವರಿಗೆ ಏನೂ ಮಾಡುವುದಿಲ್ಲ. ಕೆಡುಕು ಆಗುವುದು ಅದನ್ನು ನೀರಿನಿಂದ ತೆಗೆದು ಕತ್ತರಿಸಿ, ತಿಕ್ಕಿ, ಕಾಯಿಸಿದಾಗ.

ಹೊಸದಾಗಿ ಟ್ಯಾಂಕ್ ಕಟ್ಟುವವರು ಮೊದಲ ದಿನವೇ ಒಂದು ಕೆಲಸ ಮಾಡಿದರೆ ಮುಂದಿನ ಪಾಡು ತಪ್ಪುತ್ತದೆ. ಝೋವಾಗಳನ್ನು ಮುಖ್ಯ ಕಲ್ಲುಗುಡ್ಡೆಗೆ ಅಂಟಿಸಬೇಡಿ. ಮುಷ್ಟಿಗಾತ್ರದ ಬೇರೆ ಕಲ್ಲೊಂದನ್ನು ಮರಳಿನ ಮೇಲೆ, ಗುಡ್ಡೆಯಿಂದಲೂ ಗಾಜಿನಿಂದಲೂ 10–15 ಸೆಂಟಿಮೀಟರ್ ದೂರ ಇಟ್ಟು, ಅದರ ಮೇಲೆ ಮಾತ್ರ ಬೆಳೆಸಿ. ಸಡಿಲ ಮರಳನ್ನು ದಾಟಿ ಹಬ್ಬುವುದು ಅವಕ್ಕೆ ಕಷ್ಟ. ಹೆಚ್ಚಾದಾಗ ಆ ಕಲ್ಲನ್ನೇ ಬಕೆಟ್ಟಿನ ಟ್ಯಾಂಕ್ ನೀರಿನಲ್ಲಿ ಮುಳುಗಿಸಿಕೊಂಡೇ ಇನ್ನೊಬ್ಬರಿಗೆ ಕೊಡಬಹುದು. ಗುಡ್ಡೆಗೆ ಸಿಮೆಂಟ್ ಅಥವಾ ಸೆರಾಮಿಕ್‌ನ ಕೃತಕ ಕಲ್ಲು ಬಳಸಿದರೆ ಕಾನೂನಿನ ತೊಡಕೂ ಇಲ್ಲ, ಕಲ್ಲಿನ ಜೊತೆ ಬೇಡದ ಪಾಲಿ ಒಳಬರುವ ದಾರಿಯೂ ಇಲ್ಲ. ಟ್ಯಾಂಕ್ ನೀರಿನಲ್ಲಿ ನೈಟ್ರೇಟ್ ಏರುತ್ತ ಹೋದರೆ ಬೇರೆ ಹವಳ ಸೊರಗುತ್ತದೆ, ಪಾಲಿ ಮಾತ್ರ ಹಬ್ಬುತ್ತಲೇ ಇರುತ್ತದೆ.

ಈಗಾಗಲೇ ಗುಡ್ಡೆಗೆ ಹತ್ತಿದ್ದರೆ, ನಾಲ್ಕೈದು ಪಾಲಿಪ್ ಇರುವಾಗಲೇ ಟ್ಯಾಂಕಿನೊಳಗೇ ಮುಗಿಸಿ. ಪಂಪ್ ನಿಲ್ಲಿಸಿ, ದಪ್ಪ ಜೆಲ್ ರೂಪದ ಸೂಪರ್ ಗ್ಲೂ ಅಥವಾ ಅಕ್ವೇರಿಯಂಗೆ ಬಳಸುವ ಎಪಾಕ್ಸಿ ಅಂಟಿನಿಂದ ಬುಡದ ಹಾಸು ಸೇರಿದಂತೆ ಪೂರ್ತಿ ಮುಚ್ಚಿ. ಅಂಚು ಬಿಟ್ಟರೆ ಅಲ್ಲಿಂದಲೇ ಮತ್ತೆ ಬರುತ್ತದೆ. ಒಂದೇ ದಿನ ಹತ್ತಾರು ಕೊಲ್ಲಬೇಡಿ, ಕೊಳೆತ ಮಾಂಸದಿಂದ ಅಮೋನಿಯಾ ಏರುತ್ತದೆ. ಆ ವಾರವೆಲ್ಲ ಫಿಲ್ಟರಿನಲ್ಲಿ ಹೊಸ ಆಕ್ಟಿವೇಟೆಡ್ ಕಾರ್ಬನ್ (ನೀರಿನ ಕೊಳೆ ಹೀರುವ ಇದ್ದಿಲು) ಇರಲಿ.

ಇಡೀ ಕಲ್ಲೇ ಮುಚ್ಚಿಹೋಗಿದ್ದರೆ ದಾರಿ ತಣ್ಣನೆಯ ಬ್ಲೀಚ್. ತೆರೆದ ಟೆರೇಸ್ ಅಥವಾ ಅಂಗಳದಲ್ಲಿ, ಮಕ್ಕಳು ನಾಯಿ ಬೆಕ್ಕು ಹತ್ತಿರ ಬಾರದಂತೆ ನೋಡಿಕೊಂಡು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 10 ಲೀಟರ್ ತಣ್ಣೀರಿಗೆ 1 ಲೀಟರ್ ಮನೆಬಳಕೆಯ ಬ್ಲೀಚ್ ಸೇರಿಸಿ. ಸೋಡಿಯಂ ಹೈಪೊಕ್ಲೋರೈಟ್ 5–6 ಶೇಕಡಾ ಇರಬೇಕು, ವಾಸನೆಗಾಗಿ ಏನೂ ಬೆರೆಸಿರಬಾರದು. ದ್ರಾವಣ ಅಂದೇ ಕಲಸಿದ್ದಿರಲಿ, ನಿನ್ನೆಯದು ಶಕ್ತಿ ಕಳೆದುಕೊಂಡಿರುತ್ತದೆ. ವಿಷ ನಿಷ್ಕ್ರಿಯವಾಗಲು ಕನಿಷ್ಠ 30 ನಿಮಿಷ ಬೇಕು. ಆದರೆ ದಪ್ಪ ಹಾಸಿನ ಒಳಗೆ, ಕಲ್ಲಿನ ರಂಧ್ರಗಳಿಗೆ ಅದು ಇಳಿಯಬೇಕಲ್ಲ, ಆದ್ದರಿಂದ ಒಂದು ದಿನ ಪೂರ್ತಿ ಮುಳುಗಿರಲಿ. ಕಲ್ಲನ್ನು ನಿಧಾನ ಇಳಿಸಿ, ಎತ್ತಿ ಹಾಕಿದರೆ ಸಿಡಿಯುತ್ತದೆ. ಆಮೇಲೆ ಮೆಲ್ಲನೆ ಹರಿಯುವ ನೀರಿನಲ್ಲಿ ತೊಳೆದು, ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕ ಹಾಕಿದ ನೀರಿನಲ್ಲಿ ನೆನೆಸಿ, ಬ್ಲೀಚ್ ವಾಸನೆ ಪೂರ್ತಿ ಹೋದ ಮೇಲೆ ಒಣಗಿಸಿ. ಹಾಸು ಇನ್ನೂ ಉಳಿದಿದ್ದರೆ ಕೆರೆಯಬೇಡಿ, ಹೊಸ ದ್ರಾವಣದಲ್ಲಿ ಮತ್ತೆ ಮುಳುಗಿಸಿ. ಈ ಕಲ್ಲು ಈಗ ಪೂರ್ತಿ ನಿರ್ಜೀವ. ಹೊಸ ಕಲ್ಲಿನಂತೆಯೇ ನೀರು ಶುಚಿಯಾಗಿಡುವ ಬ್ಯಾಕ್ಟೀರಿಯಾ ಕೂರಲು ವಾರಗಟ್ಟಲೆ ಬೇಕು.

ಇಲ್ಲಿ ಇನ್ನೊಂದು ಅಪಾಯ ಇದೆ. ಕಲ್ಲಿನ ಮೇಲಿನ ಸುಣ್ಣದ ಪದರ ಹೋಗಲೆಂದು ಹಲವರು ವಿನೆಗರ್ ಅಥವಾ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕುತ್ತಾರೆ. ಅದು ಬ್ಲೀಚಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಒಂದು ವಿಷ ಕಳೆಯಲು ಹೋಗಿ ಇನ್ನೊಂದನ್ನು ಉಸಿರಾಡಿದಂತೆ. ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಎಂದೂ ಬಳಸಬೇಡಿ.

ತುಂಡು ಕತ್ತರಿಸಿ ಹಂಚುವವರು ಟ್ಯಾಂಕ್ ನೀರು ತುಂಬಿದ ಬೇಸಿನ್ನಿನೊಳಗೆ, ನೀರಿನ ಅಡಿಯಲ್ಲೇ ಸ್ಕಾಲ್ಪೆಲ್‌ನಿಂದ ಕತ್ತರಿಸಿ. ನೈಟ್ರೈಲ್ ಗ್ಲೌಸ್ ಎರಡು ಪದರ ಹಾಕಿ, ಕೈಯಲ್ಲಿ ಗಾಯವಿದ್ದರೆ ಅಂದು ಕೆಲಸವನ್ನೇ ಬಿಡಿ. ಕನ್ನಡಕ ಸಾಲದು, ಸುತ್ತ ಮುಚ್ಚುವ ಗಾಗಲ್ ಬೇಕು: ಪಾಲಿಪ್ ಒತ್ತಿದರೆ ನೀರು ಪಿಚಕಾರಿಯಂತೆ ನೇರ ಮುಖಕ್ಕೆ ಚಿಮ್ಮುತ್ತದೆ, ಕಣ್ಣಿಗೆ ಬಿದ್ದರೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಬಿದ್ದರೆ ಕೂಡಲೇ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಪೈಪನ್ನು ಬಾಯಿಂದ ಎಳೆದು ನೀರು ಹರಿಸುವ ಅಭ್ಯಾಸ ಇದ್ದವರು ಅದನ್ನು ಇಂದೇ ನಿಲ್ಲಿಸಿ. ಬೇಸಿನ್, ಬ್ಲೇಡ್, ಉಳಿದ ನೀರು ಎಲ್ಲಕ್ಕೂ ಅದೇ ಬ್ಲೀಚ್ ದ್ರಾವಣ, 30 ನಿಮಿಷ.

ಈಗ ಲಕ್ಷಣಗಳು. ಬಾಯಲ್ಲಿ ಕಹಿ ಅಥವಾ ಲೋಹದ ರುಚಿ, ಗಂಟಲು ಉರಿ, ಕೆಮ್ಮು, ಎದೆ ಬಿಗಿತ, ಚಳಿಜ್ವರ, ಮೈಕೈ ನೋವು, ಸುಸ್ತು. ಕೆಲವರಿಗೆ ನಿಮಿಷಗಳಲ್ಲಿ, ಕೆಲವರಿಗೆ ಏಳೆಂಟು ಗಂಟೆ ಕಳೆದ ಮೇಲೆ. ಡೆಂಗಿ, ಫ್ಲೂ ಹರಡುವ ದಿನಗಳಲ್ಲಿ ಯಾರೂ ಟ್ಯಾಂಕನ್ನು ನೆನೆಯುವುದಿಲ್ಲ. ಮನೆಯಲ್ಲಿ ಎರಡು ಮೂರು ಜನರಿಗೆ ಒಟ್ಟಿಗೇ ಹೀಗಾಗಿ, ಅಂದು ಕಲ್ಲು ಮುಟ್ಟಿದ್ದು ನಿಜವಾಗಿದ್ದರೆ, ಜ್ವರದ ಮಾತ್ರೆ ನುಂಗಿ ಮಲಗಬೇಡಿ. 108ಕ್ಕೆ ಕರೆ ಮಾಡಿ, ಸಮುದ್ರ ಅಕ್ವೇರಿಯಂನ ಪಾಲಿಟಾಕ್ಸಿನ್ ಉಸಿರಾಡಿದ್ದೇವೆ ಎಂದು ಅದೇ ಪದದಲ್ಲಿ ಹೇಳಿ. ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಟ್ಯಾಂಕ್ ಸ್ಟ್ಯಾಂಡಿಗೆ ಅಂಟಿಸಿಡುವುದು ಒಳ್ಳೆಯದು. ಇಸಿಜಿ, ರಕ್ತದ ಪೊಟ್ಯಾಸಿಯಂ, ಆಮ್ಲಜನಕದ ಮಟ್ಟ ಮತ್ತು ಕ್ರಿಯಾಟಿನ್ ಕೈನೇಸ್ ನೋಡುವಂತೆ ವೈದ್ಯರನ್ನು ಕೇಳಿ. ಕೊನೆಯದು ಸ್ನಾಯು ಕರಗುತ್ತಿರುವುದನ್ನು ತೋರಿಸುತ್ತದೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಏಟು ಬೀಳುತ್ತಿದೆ ಎಂದರ್ಥ.

ಪಾತ್ರೆ ಈಗಾಗಲೇ ಒಲೆಯ ಮೇಲೆ ಕುದಿಯುತ್ತಿದ್ದರೆ ಮುಚ್ಚಳ ತೆಗೆದು ಇಣುಕಬೇಡಿ, ಪಾತ್ರೆ ಎತ್ತಲೂ ಹೋಗಬೇಡಿ. ಸಿಲಿಂಡರ್ ಹೊರಗಿದ್ದರೆ ಅಲ್ಲಿಂದಲೇ ಆರಿಸಿ. ಎಸಿ ನಿಲ್ಲಿಸಿ, ಎಲ್ಲರೂ ಹೊರಬನ್ನಿ, ಸಾಕುಪ್ರಾಣಿಗಳನ್ನೂ ಕರೆತನ್ನಿ. ಬಟ್ಟೆ ಬದಲಿಸಿ ಸೋಪಿನಿಂದ ಮೈ ತೊಳೆಯಿರಿ. ನೆರವಿಗೆ ಬಂದವರಿಗೆ ಒಳಗೆ ಏನಿದೆ ಎಂದು ಬಾಗಿಲಲ್ಲೇ ಹೇಳಿ. ಪಾತ್ರೆ ಪೂರ್ತಿ ತಣಿದು, ಗಂಟೆಗಟ್ಟಲೆ ಗಾಳಿಯಾಡಿದ ಮೇಲೆ, ಗಾಗಲ್, ಗ್ಲೌಸ್, ಎನ್95 ಮಾಸ್ಕ್ ಹಾಕಿಕೊಂಡು ಒಬ್ಬರೇ ಒಳಹೋಗಿ. ಒಲೆಕಟ್ಟೆ, ಗೋಡೆ, ಚಿಮಣಿಯನ್ನು ಬ್ಲೀಚ್ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣ ಪೊರಕೆ ಮುಟ್ಟಬೇಡಿ. ಪಾತ್ರೆಯ ನೀರು ತಣ್ಣಗಾದ ಮೇಲೆ ಅದಕ್ಕೇ ಬ್ಲೀಚ್ ಬೆರೆಸಿ ಅರ್ಧ ಗಂಟೆ ಬಿಟ್ಟು ಚೆಲ್ಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಬ್ಲೀಚ್ ತಿಂದುಹಾಕುತ್ತದೆ, ಸ್ಟೀಲಾದರೂ ಸರಿ, ಅದರಲ್ಲಿ ಮತ್ತೆ ಅನ್ನ ಮಾಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ.