ದಾನದ ಬ್ಯಾಟು ಹೊತ್ತು ಆಫ್ರಿಕಾಕ್ಕೆ ಹೊರಟವರು ಇದನ್ನೊಮ್ಮೆ ಓದಿ

ಮಾರಾಯ್ರೆ, "ಹಳೇ ಬ್ಯಾಟು, ಪ್ಯಾಡು ಕೊಡಿ, ಆಫ್ರಿಕಾದ ಮಕ್ಕಳಿಗೆ ನೀವೇ ಮುಟ್ಟಿಸಿ ಬನ್ನಿ" ಅಂತ ನಿಮ್ಮ ಯುವಕ ಮಂಡಲದ ವಾಟ್ಸಾಪ್‌ಗೂ ಮೆಸೇಜು ಬಂದಿದ್ದರೆ, ಟಿಕೆಟ್ ಮಾಡುವ ಮೊದಲು ಎರಡು ನಿಮಿಷ ಕೊಡಿ.

ಕಳೆದ ವರ್ಷ ಮಂಗಳೂರಿನಿಂದ ಉಗಾಂಡಕ್ಕೆ ಹೀಗೇ ಹೊರಟದ್ದು ನಾವು ಐದು ಜನ, ಹೋದದ್ದು ನಾಲ್ಕು. ಅಲ್ಲಿಗೆ ಯೆಲ್ಲೋ ಫೀವರ್ ಲಸಿಕೆಯ ಕಾರ್ಡ್ ಬೇಕೇ ಬೇಕು, ಅದು ಚುಚ್ಚಿಸಿಕೊಂಡ 10 ದಿನದ ನಂತರವೇ ಲೆಕ್ಕಕ್ಕೆ. ಒಬ್ಬ ವಾರದ ಮೊದಲಷ್ಟೇ ಚುಚ್ಚಿಸಿಕೊಂಡಿದ್ದ. ಸಂಘಟಕರು ಹೇಳಿರಲಿಲ್ಲ.

ಸಾಮಾನಿಗೇನೂ ಬರವಿರಲಿಲ್ಲ. ಅಂಡರ್‌ಆರ್ಮ್ ಟೂರ್ನಮೆಂಟ್ ಇಲ್ಲದ ಭಾನುವಾರ ನಮ್ಮಲ್ಲಿ ಉಂಟಾ? ಒಬ್ಬ ಅಂಗಡಿಯವರು ಹೊಸ ಲೆದರ್ ಬಾಲ್‌ಗಳನ್ನು ಪ್ಯಾಕೆಟ್ ಸಮೇತ ಕೊಟ್ಟರು. ಅದೇ ಮುಳುವಾಯಿತು.

"ದಾನದ್ದಲ್ವಾ, ಸುಂಕ ಇಲ್ಲ" ಅಂದಿದ್ದರು ಸಂಘಟಕರು. ಉಗಾಂಡದ ಎಂಟೆಬ್ಬೆ ಏರ್‌ಪೋರ್ಟಿನಲ್ಲಿ ಬ್ಯಾಗ್ ತೆರೆದರೆ ಬೆಲೆಚೀಟಿ ಇರುವ ಬಾಲ್‌ಗಳು, ಒಂದೇ ಬಣ್ಣದ 40 ಜೆರ್ಸಿ. ವ್ಯಾಪಾರದ ಮಾಲು ಅಂದರು. ಕಸ್ಟಮ್ಸ್‌ನವರ ತಪ್ಪಿಲ್ಲ ಬಿಡಿ. ನಮ್ಮ ಕೈಯಲ್ಲಿ ಸಾಮಾನು ಪಡೆಯುವ ಶಾಲೆಯ ಪತ್ರ ಇಲ್ಲ, ಪಟ್ಟಿ ಇಲ್ಲ, ಸುಂಕ ಮಾಫಿಗೆ ಮೊದಲೇ ಅರ್ಜಿ ಹಾಕಿದ್ದೂ ಇಲ್ಲ. ಸಂಘಟಕರ ಫೋನ್ ಸ್ವಿಚ್ ಆಫ್. ಕೈಯಿಂದ ದುಡ್ಡು ಹಾಕಿ ಎರಡು ಬ್ಯಾಗ್ ಬಿಡಿಸಿಕೊಂಡೆವು, ಮೂರನ್ನು ಅಲ್ಲೇ ಬಿಟ್ಟೆವು.

ನಿಜಕ್ಕೂ ಕೈಕಾಲು ನಡುಗಿದ್ದು ಆಮೇಲೆ. ಹೊರಡುವಾಗ ಬಜಪೆ ಏರ್‌ಪೋರ್ಟಿನಲ್ಲಿ ಸಂಘಟಕರು ಬಾಯಿ ಹೊಲಿದ ಒಂದು ಚೀಲ ಕೊಟ್ಟು "ಗ್ಲೌಸ್ ಉಂಟು" ಅಂದಿದ್ದರು, ಚೆಕ್-ಇನ್‌ನಲ್ಲಿ "ನೀವೇ ಪ್ಯಾಕ್ ಮಾಡಿದ್ದಾ" ಅಂತ ಕೇಳಿದಾಗ ನಾನೂ ದಡ್ಡನ ಹಾಗೆ ಹೌದು ಅಂದಿದ್ದೆ, ಇಲ್ಲಿ ನೋಡಿದರೆ ಗ್ಲೌಸ್‌ನ ಅಡಿಯಲ್ಲಿ ಮಾತ್ರೆಯ ಸ್ಟ್ರಿಪ್‌ಗಳು. ಅವರ ನೆಂಟರಿಗೆ ಕಳಿಸಿದ ಗ್ಯಾಸ್ಟ್ರಿಕ್ ಮಾತ್ರೆಯಂತೆ. ಅದು ಗೊತ್ತಾಗುವವರೆಗೆ ಎರಡು ಗಂಟೆ ಕೂರಿಸಿದ್ದರು. ಬೇರೆ ಏನಾದರೂ ಇದ್ದಿದ್ದರೆ ನಾನು ಈಗ ಎಲ್ಲಿರುತ್ತಿದ್ದೆನೋ.

ಇಷ್ಟೆಲ್ಲ ಆಗಿ ಶಾಲೆಗೆ ಹೋದರೆ ಅಂಗಳ ಪೂರ್ತಿ ಉಬ್ಬುತಗ್ಗಿನ ಕೆಂಪು ಮಣ್ಣು. ಉಗಾಂಡ 2024ರ ಟಿ20 ವಿಶ್ವಕಪ್ ಆಡಿತ್ತಲ್ವಾ, ಹಾಗಾಗಿ ಎಲ್ಲ ಕಡೆ ಕ್ರಿಕೆಟ್ ಅಂದುಕೊಂಡಿದ್ದೆವು. ಮಕ್ಕಳು ಆಡುತ್ತಿದ್ದದ್ದು ಫುಟ್‌ಬಾಲ್. ಮಾಸ್ಟ್ರು ಪಾಪ ಸಂಕೋಚದಲ್ಲೇ ಕೇಳಿದರು, ಗಾಳಿ ಹಾಕುವ ಪಂಪ್ ತಂದಿದ್ದೀರಾ ಅಂತ.

ತಂದಿರಲಿಲ್ಲ.

ಅದೇ ಮೆಸೇಜು ಈ ವಾರ ಪುನಃ ತಿರುಗುತ್ತಿದೆ. ಈ ಸಲ ಕೀನ್ಯಾಕ್ಕಂತೆ.