ಇನ್‌ಲ್ಯಾಂಡ್ ಲೆಟರ್: ಹೊಳೆದ ವಿಚಾರವನ್ನು ಮನೆಯವರಿಗೆ ಮುಟ್ಟಿಸಲು 2.50 ರೂಪಾಯಿ

ವರ್ಷಗಟ್ಟಲೆ ಕಾಡಿದ ತಾತ್ವಿಕ ಪ್ರಶ್ನೆಗೆ ದಾರಿ ಸಿಕ್ಕಿದೆ, ಬಳ್ಳಾರಿಯಿಂದ ಕೊಪ್ಪಳದ ಅಕ್ಕನಿಗೆ ತಿಳಿಸಬೇಕು ಎಂದರೆ ಅಂಚೆ ಇಲಾಖೆಯ ನೀಲಿ ಇನ್‌ಲ್ಯಾಂಡ್ ಲೆಟರೇ ನಮ್ಮ ಮೊದಲ ಆಯ್ಕೆ. ಫೋನಿನಲ್ಲಿ ಕೇಳಿದ ವಾದವನ್ನು ಅಕ್ಕ ಮತ್ತೊಮ್ಮೆ ತಿರುವಿ ನೋಡಲಾಗದು.

ಜಾಗ ಕಡಿಮೆ, ಇದರ ದೊಡ್ಡ ಗುಣವೂ ಅದೇ. ‘ಇತ್ತ ಎಲ್ಲರೂ ಕ್ಷೇಮ’ ಎಂಬುದನ್ನು ಎರಡು ಸಾಲಿಗೆ ಮುಗಿಸಿ, ಮೂರನೆಯ ಸಾಲಿಗೇ ಪ್ರಶ್ನೆ ಬರೆಯಿರಿ. ಬಹಳ ಜನ ಉತ್ತರದಿಂದ ಶುರು ಮಾಡುತ್ತಾರೆ, ಓದುವವರಿಗೆ ತಲೆಬುಡ ತಿಳಿಯುವುದಿಲ್ಲ. ‘ಅಕ್ಕಾ, ನಿಮ್ಮ ಅಂಗಳದ ಬೇವಿನ ಮರವನ್ನು ಇಲ್ಲಿ ಕೂತು ನೆನೆಯುತ್ತೇನೆ. ಮನಸ್ಸಿನೊಳಗಿನ ಮರಕ್ಕೂ ಆ ಮರಕ್ಕೂ ಸಂಬಂಧ ಯಾವ ಆಧಾರದ ಮೇಲೆ ನಿಂತಿದೆ?’ ಎಂದರೆ ತತ್ವಶಾಸ್ತ್ರ ಓದದವರೂ ಜೊತೆಗೆ ಯೋಚಿಸುತ್ತಾರೆ. ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1772ರ ಫೆಬ್ರವರಿ 21ರಂದು ಬರ್ಲಿನ್ನಿನಲ್ಲಿದ್ದ ಶಿಷ್ಯ, ಆಪ್ತ ಗೆಳೆಯ ಮಾರ್ಕಸ್ ಹರ್ಟ್ಸ್‌ಗೆ ಬರೆದ ಕಾಗದದ ತಿರುಳೂ ಇದೇ ಪ್ರಶ್ನೆ. ಈ ಪ್ರಶ್ನೆಯ ಬಗ್ಗೆ ಬರೆಯುತ್ತಿದ್ದ ಪುಸ್ತಕದ ಮೊದಲ ಭಾಗ ಸುಮಾರು ಮೂರು ತಿಂಗಳಲ್ಲಿ ಬರುತ್ತದೆ ಎಂದೂ ಅವರು ಬರೆದಿದ್ದರು; ಆ ಗ್ರಂಥ, ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’, ಹೊರಬಂದದ್ದು 1781ರಲ್ಲಿ. ಹಾಗಾಗಿ ಗಡುವು ಕೊಡಬೇಡಿ, ತಾರೀಖು ಮಾತ್ರ ಮರೆಯದೆ ಹಾಕಿ.

ಅಂಟಿನದೇ ತೊಂದರೆ. ನೀರು ಹೆಚ್ಚಾದರೆ ಅಂಟು ಒಳಗೆ ಹರಿದು ಅಕ್ಷರ ಕಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ಅಂಚು ಬಿಚ್ಚಿಕೊಳ್ಳುತ್ತದೆ. ಬೆರಳನ್ನು ಒದ್ದೆ ಮಾಡಿ ಒಮ್ಮೆ ಸವರಿ, ಮೇಲೆ ದಪ್ಪ ಪುಸ್ತಕ ಹೇರಿದರೆ ಸಾಕು. ಬಿಡಿಸುವಾಗ ಹರಿಯುವುದು ಅಂಚೇ, ಅಲ್ಲಿ ಒಂದು ಬೆರಳಗಲ ಖಾಲಿ ಬಿಡಿ. ವಾದದ ಕೊನೆಯ ಸಾಲನ್ನು ಅಂಚಿಗೆ ತುರುಕಿದರೆ ತೀರ್ಮಾನವೇ ಹರಿದುಹೋಗುತ್ತದೆ. ಕಾಗದ ತೆಳು, ಶಾಯಿ ಪೆನ್ ಬೇಡ, ಬಾಲ್ ಪೆನ್ ಇರಲಿ.

ಒಳಗೆ ಚೀಟಿ, ಫೋಟೊ ಏನನ್ನೂ ಇಡುವಂತಿಲ್ಲ. ವಾದ ಉದ್ದವಿದ್ದರೆ 5 ರೂಪಾಯಿಯ ಕವರ್ ತೆಗೆದುಕೊಳ್ಳಿ. ಮಿತಿ 20 ಗ್ರಾಂ. ಎ4 ಹಾಳೆ ಒಂದು 5 ಗ್ರಾಂನ ಆಸುಪಾಸು ತೂಗುವುದರಿಂದ ಮೂರು ಹಾಳೆಗೆ ನಿಲ್ಲಿಸಿ. ಸ್ಟ್ಯಾಂಪ್ ಕಡಿಮೆ ಬಿದ್ದರೆ ಕೊರತೆಯ ಎರಡರಷ್ಟನ್ನು ಅಕ್ಕನೇ ತೆರಬೇಕಾಗುತ್ತದೆ.

ಪಿನ್ ಕೋಡ್ ಕಡೆ ಗಮನವಿರಲಿ. ರಾಯಚೂರು 584101, ಗೊಂದಲವಿಲ್ಲ. ಬಳ್ಳಾರಿ 583101, ಕೊಪ್ಪಳ 583231. ಎರಡಕ್ಕೂ ಮೊದಲ ಮೂರು ಅಂಕಿ ಒಂದೇ ಆದ್ದರಿಂದ ಕೊನೆಯ ಮೂರು ತಪ್ಪಿದರೆ ಕಾಗದ ಬೇರೆ ಊರಿಗೆ ಹೋಗಿ ಸುತ್ತಿ ಬರುತ್ತದೆ.

ಇನ್‌ಲ್ಯಾಂಡ್ ಎಲ್ಲಿದೆ ಎಂದು ಪತ್ತೆಹಚ್ಚುವ ವ್ಯವಸ್ಥೆಯಿಲ್ಲ. ಇರುವುದೊಂದೇ ಪ್ರತಿಯಾದರೆ ಸ್ಪೀಡ್ ಪೋಸ್ಟ್ ಮಾಡಿ, 13 ಅಕ್ಷರ-ಅಂಕಿಗಳ ಸಂಖ್ಯೆಯಿರುವ ರಸೀದಿ ಇಟ್ಟುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ವಿಲೀನವಾಗಿದೆ. ಯಾವುದರಲ್ಲಿ ಕಳಿಸಿದರೂ ಅಂಟಿಸುವ ಮೊದಲು ಎರಡೂ ಬದಿಯ ಫೋಟೊ ತೆಗೆದಿಡಿ. ಅಕ್ಕ ಉತ್ತರದಲ್ಲಿ ‘ಆ ಐದನೆಯ ಸಾಲು ಒಪ್ಪುವುದಿಲ್ಲ’ ಎಂದಾಗ ಯಾವ ಸಾಲು ಎಂದು ನಿಮಗೂ ಗೊತ್ತಿರಬೇಕು.