ಸೀತಾದೇವಿಯ ಕಣ್ಣು ಕಾಣಬೇಕೆಂದರೆ: ‘ಶಿರಾಜ್’ ಬ್ಲೂ-ರೇ ವಿಮರ್ಶೆ

ಮೂಕಿ ಕಾಲದ ತಾರೆಯರಲ್ಲಿ ಸುಲೋಚನಾ ಹೆಸರು ಈಗಲೂ ಅಲ್ಲಲ್ಲಿ ಕಿವಿಗೆ ಬೀಳುತ್ತದೆ. ಸೀತಾದೇವಿ ಎಂದರೆ ಹಳೇ ಸಿನಿಮಾದ ಹುಚ್ಚಿರುವವರೂ ‘ಯಾರು?’ ಎನ್ನುತ್ತಾರೆ. ಆಕೆಯ ನಿಜ ಹೆಸರು ರೆನೀ ಸ್ಮಿತ್, ಆಂಗ್ಲೋ-ಇಂಡಿಯನ್. ನಟ-ನಿರ್ಮಾಪಕ ಹಿಮಾಂಶು ರಾಯ್ ಮತ್ತು ಜರ್ಮನಿಯ ನಿರ್ದೇಶಕ ಫ್ರಾಂಜ್ ಓಸ್ಟೆನ್ ಸೇರಿ ಮಾಡಿದ ‘ಪ್ರೇಮ್ ಸನ್ಯಾಸ್’ (1925), ‘ಶಿರಾಜ್’ (1928), ‘ಪ್ರಪಂಚ ಪಾಶ್’ (1929) ಮೂರರಲ್ಲೂ ಆಕೆ ಇದ್ದಾರೆ. ಟಾಕಿ ಬಂದ ಮೇಲೆ ಮರೆಯಾದರು.

ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2018ರಲ್ಲಿ ಬ್ಲೂ-ರೇ, ಡಿವಿಡಿ ಎರಡರಲ್ಲೂ ಹೊರತಂದ ‘ಶಿರಾಜ್’ ಡಿಸ್ಕ್ ಆಕೆಯನ್ನು ಮತ್ತೆ ಕಾಣಲು ಈಗಿರುವ ಅತ್ಯುತ್ತಮ ದಾರಿ. ಕಾರಣ ಸರಳ. ಈ ಚಿತ್ರದಲ್ಲಿ ಸ್ಟುಡಿಯೋ ದೀಪಗಳಿಲ್ಲ, ಎಲ್ಲ ಬಿಸಿಲಿನಲ್ಲೇ ತೆಗೆದದ್ದು. ನಕಲಿನ ನಕಲಾಗಿ ಅಂತರ್ಜಾಲದಲ್ಲಿ ಓಡಾಡುವ ಪ್ರತಿಗಳಲ್ಲಿ ಇಂಥ ಬಿಸಿಲಿನ ಮುಖಗಳು ಸುಣ್ಣ ಬಳಿದಂತೆ ಬಿಳಿಚಿಕೊಂಡು, ಕಣ್ಣಿನ ಜಾಗದಲ್ಲಿ ಎರಡು ಕರಿ ಮಚ್ಚೆ ಮಾತ್ರ ಉಳಿಯುತ್ತವೆ. ಮಾತಿಲ್ಲದ ಚಿತ್ರದಲ್ಲಿ ಕಣ್ಣು ಹೋದರೆ ನಟಿಯೇ ಹೋದಂತೆ. ಈ ಡಿಸ್ಕ್‌ನಲ್ಲಿ ಕಪ್ಪು-ಬಿಳುಪಿನ ನಡುವಿನ ಬೂದು ಛಾಯೆಗಳು ಮರಳಿ ಬಂದಿವೆ. ಆದ್ದರಿಂದಲೇ ಅಭಿನಯವೂ ಮರಳಿ ಬಂದಿದೆ.

ಕಥೆ ತಾಜ್ ಮಹಲಿನದು. ಕುಂಬಾರ ಶಿರಾಜ್ ಆಗಿ ಹಿಮಾಂಶು ರಾಯ್, ಮುಂದೆ ಶಹಜಹಾನ್ ಆಗುವ ರಾಜಕುಮಾರನಾಗಿ ಚಾರು ರಾಯ್, ಮುಮ್ತಾಜ್ ಆಗುವ ಸೆಲಿಮಾ ಆಗಿ ಎಣಾಕ್ಷಿ ರಾಮರಾವ್. ಸೀತಾದೇವಿಗೆ ಸಿಕ್ಕಿರುವುದು ದಾಲಿಯಾ: ರಾಣಿಯಾಗಬೇಕೆಂದು ಹೊಂಚು ಹಾಕುವ ಹೆಣ್ಣು. ಶಿರಾಜ್ ಅರಮನೆಯೊಳಗೆ ಹೋಗುವಂತೆ ರಹದಾರಿ ಹೊಂದಿಸಿ, ಅವನನ್ನು ಆನೆಯ ಕಾಲಡಿಗೆ ತಳ್ಳುವವರೆಗೆ ಸಂಚು ಬೆಳೆಸುವವಳು ಇವಳೇ. ಹಿಮಾಂಶು ರಾಯ್ ಅಭಿನಯದಲ್ಲಿ ರಂಗಭೂಮಿಯ ಕೈಸನ್ನೆ ಜಾಸ್ತಿ. ಸೀತಾದೇವಿ ಹಾಗಲ್ಲ. ತಲೆ ಅಲುಗಿಸದೆ ಬರೀ ನೋಟ ಹೊರಳಿಸಿ ಲೆಕ್ಕಾಚಾರ ತೋರಿಸುತ್ತಾರೆ. ಆಕೆ ತೆರೆಯ ಮೇಲಿದ್ದಷ್ಟು ಹೊತ್ತು ನಾಯಕಿ ಸಪ್ಪೆಯಾಗಿ ಕಾಣುತ್ತಾರೆ.

ಅನುಷ್ಕಾ ಶಂಕರ್ ಅವರ ಹಿನ್ನೆಲೆ ಸಂಗೀತ 2017ರಲ್ಲಿ ಲಂಡನ್‌ನಲ್ಲಿ ಚಿತ್ರದ ಜೊತೆ ಲೈವ್ ಆಗಿ ನುಡಿದದ್ದು. ಸಿತಾರ್ ಜೊತೆಗೆ ಪಾಶ್ಚಾತ್ಯ ವಾದ್ಯಗಳೂ ಇವೆ. ಚೆನ್ನಾಗಿದೆ.

ಕೊಳ್ಳುವ ಮುಂಚೆ ಗಮನಿಸಬೇಕಾದ್ದು ಪ್ರದೇಶದ ಗುರುತು, ಅಂದರೆ ರೀಜನ್ ಕೋಡ್. ಬ್ರಿಟನ್ನಿನ ಬ್ಲೂ-ರೇ ಸಾಮಾನ್ಯವಾಗಿ ‘ಬಿ’, ಡಿವಿಡಿ ‘2’. ಭಾರತದ್ದು ‘ಸಿ’ ಮತ್ತು ‘5’. ಡಬ್ಬಿಯ ಹಿಂಬದಿ ನೋಡದೆ ತರಿಸಿಕೊಂಡರೆ ಇಲ್ಲಿನ ಪ್ಲೇಯರ್ ಡಿಸ್ಕನ್ನು ನಿರಾಕರಿಸಬಹುದು. ಎಲ್ಲ ಪ್ರದೇಶದ ಡಿಸ್ಕ್ ಓಡಿಸುವ ಪ್ಲೇಯರ್ ಇಲ್ಲದಿದ್ದರೆ ಕಂಪ್ಯೂಟರಿನ ಡ್ರೈವ್‌ನಲ್ಲಿ ಡಿವಿಡಿ ಹಾಕಿ ವಿಎಲ್‌ಸಿ ಎಂಬ ಉಚಿತ ವಿಡಿಯೋ ತಂತ್ರಾಂಶದಲ್ಲಿ ಪ್ರಯತ್ನಿಸಿ, ಬಹುಪಾಲು ಓಡುತ್ತದೆ. ಡ್ರೈವ್‌ನ ಪ್ರದೇಶ ಬದಲಿಸಲು ಮಾತ್ರ ಹೋಗಬೇಡಿ. ಅದಕ್ಕೆ ಐದೇ ಅವಕಾಶ, ಆಮೇಲೆ ಕೊನೆಯ ಆಯ್ಕೆಗೇ ಅಂಟಿಕೊಳ್ಳುತ್ತದೆ.

ಮಧ್ಯೆ ಬರುವ ಬರಹದ ಫಲಕಗಳೆಲ್ಲ ಇಂಗ್ಲಿಷ್. ಮನೆಯಲ್ಲಿ ಹಿರಿಯರ ಜೊತೆ ನೋಡುವುದಾದರೆ ಯಾರಾದರೂ ಓದಿ ಹೇಳಬೇಕು. ಮಾತಿಲ್ಲದ ಚಿತ್ರವಾದ್ದರಿಂದ ಅದರಿಂದ ಯಾವ ತೊಂದರೆಯೂ ಇಲ್ಲ.

ಸೀತಾದೇವಿಯೇ ನಾಯಕಿಯಾಗಿ ಬೇಕೆಂದರೆ ‘ಪ್ರಪಂಚ ಪಾಶ್’ ಹುಡುಕಿ. ‘ಎ ಥ್ರೋ ಆಫ್ ಡೈಸ್’ ಎಂಬ ಇಂಗ್ಲಿಷ್ ಹೆಸರಿನಲ್ಲಿ, ನಿತಿನ್ ಸಾಹ್ನಿ ಸಂಗೀತದೊಂದಿಗೆ ಡಿವಿಡಿ ಬಂದಿದೆ. ಸುಮಾರು 74 ನಿಮಿಷ. ಒಬ್ಬಳಿಗಾಗಿ ಇಬ್ಬರು ರಾಜರು ಪಗಡೆಗೆ ಕೂರುವ ಕಥೆ, ಮೋಸದ ದಾಳ. ಇದರ ಕಲಾವಿನ್ಯಾಸದಲ್ಲಿ ದುಡಿದ ದೇವಿಕಾರಾಣಿ ಮುಂದೆ ಹೆಸರಾಂತ ನಟಿಯಾಗಿ, ಕೊನೆಗೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದರು. ಅವರ ಹೆಸರು ಉಳಿಯಿತು, ಸೀತಾದೇವಿಯದು ಅಳಿಸಿತು. ಬೇಸರದ ಸಂಗತಿ.

ಮೊದಲ ಪರಿಚಯಕ್ಕೆ ಚಿಕ್ಕದಾದ ‘ಪ್ರಪಂಚ ಪಾಶ್’ ನೋಡಿ, ಆಮೇಲೆ ‘ಶಿರಾಜ್’. ಡಿಸ್ಕ್ ಸಿಗದೆ ಅಂತರ್ಜಾಲದ ಪ್ರತಿಯೇ ಗತಿಯಾದರೆ, ಪಾತ್ರಗಳು ಗಡಿಬಿಡಿಯಲ್ಲಿ ನಡೆಯುತ್ತಿವೆಯೇ ನೋಡಿ. ಸೆಕೆಂಡಿಗೆ 20 ಚೌಕಟ್ಟಿನ (ಫ್ರೇಮ್) ಆಸುಪಾಸಿನಲ್ಲಿ ತೆಗೆದದ್ದನ್ನು 25ರಲ್ಲಿ ಓಡಿಸಿದರೆ ಹಾಗಾಗುತ್ತದೆ. ವೇಗವನ್ನು 0.8ಕ್ಕೆ ಇಳಿಸಿ, ಸದ್ದು ನಿಲ್ಲಿಸಿ ನೋಡಿ.